ದೇವರಿಗಿತ್ತ ಮುಡಿ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣಸ್ವಾಮಿಗೆ ಮೂರು ಪ್ರಸಿದ್ಧ ಮುಡಿಗಳಿವೆ. ವೈರಮುಡಿಯನ್ನು ಅರಿಯದವರಿಲ್ಲ. ರಾಜಮುಡಿ, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರ ಕಾಣಿಕೆ. ಕೃಷ್ಣರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರದು. ಮೊದಲಿನವರು ರಾಜ್ಯವನ್ನು ಬೆಳೆಸಿದವರು. ಎರಡನೆಯವರು ಆಳುವ ಅಧಿಕಾರವನ್ನೇ ಕಳೆದುಕೊಂಡವರು. ಆದರೂ ಕನ್ನಡ ಓದುವ ನಮಗೆ ಹೆಚ್ಚು ಹತ್ತಿರದ ಪೂರ್ವಜರು ಈ ಎರಡನೆಯವರೇ ಎಂದು ನನ್ನ ಭಾವನೆ.

ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಆಗ ಅದು ಟಿಪ್ಪುವಿನ ರಾಜಧಾನಿ. ಎರಡರ ಹರೆಯದಲ್ಲೇ ತಂದೆ ತೀರಿಕೊಂಡರು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ, ಜೂನ್ 30ರಂದು ಐದು ವರ್ಷದ ಈ ಬಾಲಕನಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಪಟ್ಟ ಕಟ್ಟಿದ್ದು ಇಂಗ್ಲಿಷರ ಕೃಪೆ. ಕೃಪೆಯಿಂದ ಬಂದದ್ದು ಕೃಪೆ ತಪ್ಪಿದರೆ ಹೋಗುವುದು ಸಹಜ. ನಗರದ ದಂಗೆಯ ತರುವಾಯ, 1831ರಲ್ಲಿ, ಬೆಂಟಿಂಕನು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡನು. ಅರಮನೆಯ ದುಂದುವೆಚ್ಚ, ಅಧಿಕಾರಿಗಳ ದಬ್ಬಾಳಿಕೆ ಎಂಬ ದೂರುಗಳು ಪೂರಾ ಸುಳ್ಳೆನ್ನಲಾಗದು. ಮುಂದೆ ಮೂವತ್ತಾರು ವರ್ಷಗಳಿಗೂ ಮಿಕ್ಕಿ ಅವರು ಆಳದ ಅರಸರಾಗಿ ಬದುಕಿದರು.

ಇಂಥ ಸ್ಥಿತಿಯಲ್ಲಿ ಮನುಷ್ಯನ ಶ್ರದ್ಧೆಗೆ ನಿಜವಾದ ಪರೀಕ್ಷೆ. ಮುಮ್ಮಡಿಯವರ ಮನೆದೇವತೆ ಚಾಮುಂಡಿ. ಬೆಟ್ಟದ ಗುಡಿಗೆ ಗೋಪುರವನ್ನೆತ್ತಿಸಿದವರು ಅವರೇ. ಅಲ್ಲಿ ರಾಣಿಯರೊಡನೆ ಕೈಮುಗಿದು ನಿಂತ ಅವರ ಭಕ್ತವಿಗ್ರಹವನ್ನು ಈಗಲೂ ಕಾಣಬಹುದು. ಶಕ್ತಿಯ ಉಪಾಸಕರಾದ ಅವರೇ ಮೇಲುಕೋಟೆಯ ವಿಷ್ಣುವಿಗೆ ಮುಡಿಯಿತ್ತರು, ನಂಜನಗೂಡಿನ ಶಿವನಿಗೆ ನಡೆದುಕೊಂಡರು. 1843ರಲ್ಲಿ ಮೈಸೂರಿನ ಕ್ರೈಸ್ತರಿಗೆ ಇಗರ್ಜಿಯೊಂದು ಎದ್ದದ್ದೂ ಅವರ ಆಶ್ರಯದಲ್ಲೇ.

ಈ ವೈಶಾಲ್ಯದ ಬರಹರೂಪವೇ ‘ಶ್ರೀತತ್ತ್ವನಿಧಿ’. ಶಕ್ತಿನಿಧಿಯಿಂದ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳು. ದೇವತೆಗಳ ಧ್ಯಾನಶ್ಲೋಕ, ಅದಕ್ಕೊಪ್ಪುವ ಚಿತ್ರ. ಕೊನೆಯ ನಿಧಿಯಲ್ಲಿ 122 ಯೋಗಾಸನಗಳೂ ಉಂಟು. ‘ಕೃಷ್ಣರಾಜವಾಣೀವಿಲಾಸ’ವೆಂಬ ಹೆಸರಿನಲ್ಲಿ ಮಹಾಭಾರತ ಕನ್ನಡ ಗದ್ಯಕ್ಕೆ ಇಳಿಯಿತು. ಅದಕ್ಕೂ ಮುನ್ನ, 1823ರಲ್ಲಿ, ಅವರ ಕಾಲದ ಕೆಂಪುನಾರಾಯಣ ‘ಮುದ್ರಾಮಂಜೂಷ’ವನ್ನು ಬರೆದಿದ್ದನು. ನಮ್ಮ ಹೊಸ ಗದ್ಯದ ಬೇರುಗಳಲ್ಲಿ ಕೆಲವು ಈ ಆಸ್ಥಾನದ ಮಣ್ಣಿನಲ್ಲಿವೆ.

ಅಧಿಕಾರ ಹೋದವರು ದೇವರನ್ನೂ ಪುಸ್ತಕವನ್ನೂ ಮರೆವಿಗಾಗಿ ಹಿಡಿಯುವುದುಂಟು, ಇದೂ ಅಂಥದೇ ಅಲ್ಲವೇ ಎಂದು ಕೇಳಬಹುದು. ಹಾಗಿದ್ದಲ್ಲಿ ಅವರು ರಾಜ್ಯದ ಮಾತನ್ನು ಬಿಟ್ಟೇ ಬಿಡುತ್ತಿದ್ದರು. ಬಿಡಲಿಲ್ಲ. ಮನವಿಯ ಮೇಲೆ ಮನವಿ ಕಳುಹಿಸಿದರು; ನಿರಾಕರಣೆ ಬಂದರೂ ಮತ್ತೆ ಬರೆದರು. 1865ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮಗುವೊಂದನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಲಂಡನ್ನಿನ ಸರ್ಕಾರ ಅದನ್ನೊಪ್ಪಿತು. ಮರುವರ್ಷ ಮಾರ್ಚ್ 27ರಂದು ಅವರು ಕಣ್ಮುಚ್ಚಿದರು. ಆ ದತ್ತುಪುತ್ರ ಚಾಮರಾಜೇಂದ್ರರಿಗೆ 1881ರಲ್ಲಿ ರಾಜ್ಯ ಮರಳಿತು. ಅದನ್ನು ನೋಡಲು ತಂದೆ ಇರಲಿಲ್ಲ.

ಫಲವನ್ನು ಕಾಣದೆಯೂ ಕೆಲಸ ಬಿಡದಿರುವುದನ್ನೇ ಹಿರಿಯರು ಶ್ರದ್ಧೆ ಎಂದರು. ಒಡೆಯರ ತಲೆಯ ಮೇಲಿದ್ದ ಕಿರೀಟಕ್ಕೆ ಪರರ ಅಪ್ಪಣೆ ಬೇಕಾಗಿತ್ತು. ಅವರು ಸ್ವಾಮಿಯ ತಲೆಗಿತ್ತ ಕಿರೀಟಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೇಲುಕೋಟೆಯಲ್ಲಿ ಕೃಷ್ಣರಾಜಮುಡಿಯ ಉತ್ಸವ ಇಂದಿಗೂ ನಡೆಯುತ್ತದೆ. ಬೆಂಟಿಂಕನ ಆಜ್ಞಾಪತ್ರವನ್ನು ಓದಬೇಕಾದರೆ ಪತ್ರಾಗಾರಕ್ಕೆ ಹೋಗಬೇಕು.