ರೋಲರ್ ಕೋಸ್ಟರ್ ಮಾಡೋದನ್ನ ಯಾವ ಕಾಲೇಜು ಕಲಿಸುತ್ತೆ?

ಈ ಸಂಚಿಕೆಯ ಹಿಂದೆ ಒಂದು ಮನೆ ಜಗಳ ಇದೆ. ಅಲ್ಲಿಂದಲೇ ಶುರು ಮಾಡ್ತೀನಿ.

ಪುಣೆಯಲ್ಲಿರೋ ನನ್ನ ಅಕ್ಕನ ಮಗಳು ಮೆಕ್ಯಾನಿಕಲ್ ಎರಡನೇ ವರ್ಷ. ಖೋಪೋಲಿಯ ಇಮ್ಯಾಜಿಕಾಗೆ ಹೋಗಿ ಬಂದವಳು ರಾತ್ರಿ ಊಟಕ್ಕೆ ಕೂತಾಗ, "ಮಾಮ, ನಾನು ರೈಡ್ ಡಿಸೈನ್ ಕಲೀತೀನಿ" ಅಂದಳು. ಭಾವ ನಕ್ಕುಬಿಟ್ಟರು. "ಜಾತ್ರೇಲಿ ಜೈಂಟ್ ವೀಲ್ ತಿರುಗಿಸೋಕೆ ಬಿಇ ಯಾಕಮ್ಮ?" ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಅಕ್ಕ ನನ್ನ ಕಡೆ ತಿರುಗಿ, "ನೀನು ಎಂಟೆಕ್ ಮಾಡಿದವನು, ಏನಾದರೂ ಹೇಳೋ" ಅಂದಳು. ಹೇಳೋಕೆ ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ. ಓದಿದ್ದನ್ನ ಈಗ ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಒಂದು ವಿಚಾರ. ಈ ವೃತ್ತಿ ಹುಟ್ಟಿದಾಗ ಇದಕ್ಕೊಂದು ಕೋರ್ಸ್ ಅಂತ ಇರಲೇ ಇಲ್ಲ. ವಾಲ್ಟ್ ಡಿಸ್ನಿ 1952ರಲ್ಲಿ ಪಾರ್ಕ್ ಕಟ್ಟೋಕೆ ಅಂತಲೇ ಒಂದು ಪ್ರತ್ಯೇಕ ಕಂಪನಿ ಮಾಡಿದ. ಅಲ್ಲಿಗೆ ಕರೆಸಿಕೊಂಡಿದ್ದು ಯಾರನ್ನ? ಸಿನಿಮಾ ಸ್ಟುಡಿಯೋದಲ್ಲಿ ಸೆಟ್ ಹಾಕ್ತಿದ್ದ ಕಲಾ ನಿರ್ದೇಶಕರನ್ನ, ಕಾರ್ಟೂನ್ ಬಿಡಿಸ್ತಿದ್ದವರನ್ನ. ಪಾರ್ಕ್ ಎಲ್ಲಿ ಕಟ್ಟಬೇಕು ಅಂತ 1953ರಲ್ಲಿ ಲೆಕ್ಕ ಹಾಕಿ ಅನಾಹೈಮ್‌ನ ಕಿತ್ತಳೆ ತೋಟಗಳನ್ನ ತೋರಿಸಿದವನು ಹ್ಯಾರಿಸನ್ ಪ್ರೈಸ್. ಅವನು ಓದಿದ್ದು ಮೆಕ್ಯಾನಿಕಲ್, ಆಮೇಲೆ ಎಂಬಿಎ. ನಮಗೆಲ್ಲ ಚೆನ್ನಾಗಿ ಗೊತ್ತಿರೋ ಜೋಡಿ, ಅಲ್ವಾ? ಡಿಸ್ನಿಲ್ಯಾಂಡ್ 1955ರ ಜುಲೈ 17ಕ್ಕೆ ಬಾಗಿಲು ತೆರೆಯಿತು.

ಹಾಗಾದರೆ ಯಂತ್ರ ಮಾಡಿದ್ದು ಯಾರು? ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ 1946ರಲ್ಲಿ ಶುರುವಾದ ಆರೋ ಡೆವಲಪ್‌ಮೆಂಟ್ ಅನ್ನೋ ಒಂದು ವರ್ಕ್‌ಶಾಪ್. ಹೌದು, ಇವತ್ತು ಗೂಗಲ್ ಇರೋ ಅದೇ ಮೌಂಟನ್ ವ್ಯೂ. ಅಲ್ಲಿನ ಕಾರ್ಲ್ ಬೇಕನ್, ಎಡ್ ಮಾರ್ಗನ್ ಮತ್ತು ಜೊತೆಗಾರರು 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ರೈಡಿಗೆ ಕೊಳವೆಯಾಕಾರದ ಉಕ್ಕಿನ ಹಳಿ ಹಾಕಿದರು. ಅಲ್ಲಿವರೆಗೆ ಕೋಸ್ಟರ್ ಅಂದರೆ ಬಹುಮಟ್ಟಿಗೆ ಮರದ ಅಟ್ಟಣಿಗೆ. ಕೊಳವೆಯನ್ನ ಹೇಗೆ ಬೇಕಾದರೂ ಬಗ್ಗಿಸಬಹುದು. ಇವತ್ತು ನೀವು ನೋಡೋ ಉಕ್ಕಿನ ಕೋಸ್ಟರುಗಳ ಮೂಲ ಅಲ್ಲಿದೆ.

ಬಗ್ಗಿಸೋಕೆ ಬಂತು ಅಂತ ಮನಸ್ಸಿಗೆ ಬಂದ ಹಾಗೆ ಬಗ್ಗಿಸೋಕಾಗಲ್ಲ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1895ರಲ್ಲೇ ತಲೆಕೆಳಗಾಗಿ ಸುತ್ತೋ ಒಂದು ರೈಡ್ ಬಂದಿತ್ತು. ಅದರ ಸುತ್ತು ಶುದ್ಧ ವೃತ್ತ. ಕೂತವರಿಗೆ ಕತ್ತು ನೋವು ಬರ್ತಿತ್ತು. ಯಾಕೆ ಅನ್ನೋದು ಪಿಯುಸಿ ಲೆಕ್ಕ. ವೃತ್ತದ ತುದಿಯಲ್ಲಿ ಬೀಳದೆ ಇರಬೇಕಾದರೆ ವೇಗದ ವರ್ಗ ಕನಿಷ್ಠ ಜಿ ಗುಣಿಸು ಆರ್ ಇರಬೇಕು. ಘರ್ಷಣೆ ಬಿಟ್ಟು ನೋಡಿದರೆ, ಕೆಳಗೆ ಅದು 5 ಜಿಆರ್ ಆಗುತ್ತೆ. ಅದಕ್ಕೆ ದೇಹದ ಸ್ವಂತ ತೂಕ ಸೇರಿಸಿ: 6 ಜಿ. ಅಂದರೆ 60 ಕಿಲೋ ಮನುಷ್ಯನಿಗೆ 360 ಕಿಲೋ ಆದ ಹಾಗೆ. ಅದೂ ನೇರ ಹಳಿಯಿಂದ ವೃತ್ತಕ್ಕೆ ಹೊಕ್ಕ ಕ್ಷಣದಲ್ಲೇ, ಒಂದೇ ಏಟಿಗೆ.

ಇದಕ್ಕೆ ಒಳ್ಳೆಯ ಪರಿಹಾರ ಬಂದಿದ್ದು 1976ರಲ್ಲಿ. ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕಾಫ್ ಕಟ್ಟಿದ, ವರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿದ ರೆವಲ್ಯೂಷನ್ ಅನ್ನೋ ಕೋಸ್ಟರ್ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಅದರ ಸುತ್ತು ವೃತ್ತ ಅಲ್ಲ, ನೀರಿನ ಹನಿಯ ಆಕಾರ. ಕೆಳಗೆ ತ್ರಿಜ್ಯ ದೊಡ್ಡದು, ಮೇಲೆ ಹೋದ ಹಾಗೆ ಚಿಕ್ಕದು. ಕ್ಲೋಥಾಯ್ಡ್ ಅಂತಾರೆ. ರೈಲು ಹಳಿ, ಹೆದ್ದಾರಿಗಳ ತಿರುವಿನಲ್ಲಿ ಸಿವಿಲ್‌ನವರು ಬಳಸೋ ವಕ್ರರೇಖೆಗಳ ಜಾತಿಯದ್ದೇ. ಸ್ಟೆಂಗೆಲ್ ಕೂಡ ಸಿವಿಲ್ ಎಂಜಿನಿಯರೇ. 2005ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಈಗ ವಿಶ್ವವಿದ್ಯಾಲಯದ ಕಥೆಗೆ ಬರೋಣ. ಇಲ್ಲಿ ನಮ್ಮ ಜಾತಿಯವನೊಬ್ಬ ಬರ್ತಾನೆ: ಕಂಪ್ಯೂಟರ್ ಸೈನ್ಸಿನ ರ‍್ಯಾಂಡಿ ಪೌಶ್. 2007ರ ಅವರ 'ದಿ ಲಾಸ್ಟ್ ಲೆಕ್ಚರ್' ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಕ್ಯಾನ್ಸರ್ ಬಂದಿದ್ದ ಅವರು ಮುಂದಿನ ವರ್ಷ ಜುಲೈನಲ್ಲಿ ತೀರಿಕೊಂಡರು. ಡಿಸ್ನಿಯ ವಿನ್ಯಾಸ ವಿಭಾಗ ಸೇರೋದು ಅವರ ಬಾಲ್ಯದ ಕನಸು. ಪಿಎಚ್‌ಡಿ ಮುಗಿಸಿ ಅರ್ಜಿ ಹಾಕಿದರೆ, ಬಂದಿದ್ದು ಬೇಡ ಅನ್ನೋ ಪತ್ರ. 1995ರಲ್ಲಿ ಪಾಠದಿಂದ ರಜೆ ತಗೊಂಡು ಅಲ್ಲಿಗೇ ಹೋಗಿ, ಅಲ್ಲಾದ್ದೀನನ ಹಾರುವ ಚಾಪೆಯ ವರ್ಚುವಲ್ ರಿಯಾಲಿಟಿ ರೈಡಿನ ಮೇಲೆ ಕೆಲಸ ಮಾಡಿದರು. ಎಂಜಿನಿಯರು, ಕಲಾವಿದರು ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡೋದನ್ನ ಅಲ್ಲಿ ಕಂಡರು.

ಆಮೇಲೆ ಕಾರ್ನೆಗಿ ಮೆಲನ್‌ನಲ್ಲಿ, ನಾಟಕ ವಿಭಾಗದ ಪ್ರೊಫೆಸರ್ ಡಾನ್ ಮರಿನೆಲ್ಲಿ ಜೊತೆ ಸೇರಿ 1998ರಲ್ಲಿ ಎಂಟರ್‌ಟೈನ್‌ಮೆಂಟ್ ಟೆಕ್ನಾಲಜಿ ಸೆಂಟರ್ ಶುರು ಮಾಡಿದರು. ಇಬ್ಬರಿಗೂ ಸೇರಿ ಒಂದೇ ಆಫೀಸು. ಎರಡು ವರ್ಷದ ಮಾಸ್ಟರ್ಸ್, ಪುಸ್ತಕ ಕಡಿಮೆ, ಪ್ರಾಜೆಕ್ಟ್ ಜಾಸ್ತಿ. ಪೌಶ್ ಅವರ ಕ್ಲಾಸಿನಲ್ಲಿ ಬೇರೆ ಬೇರೆ ವಿಭಾಗದ ನಾಲ್ಕು ಜನರ ತಂಡ, ಎರಡು ವಾರಕ್ಕೊಂದು ಲೋಕ ಕಟ್ಟಬೇಕು. ಮುಗಿದ ತಕ್ಷಣ ತಂಡ ಬದಲು. ಜೊತೆಗೆ, ನಿನ್ನ ಜೊತೆ ಕೆಲಸ ಮಾಡೋದು ಎಷ್ಟು ಸುಲಭ ಅಂತ ಸಹಪಾಠಿಗಳು ಕೊಟ್ಟ ಅಂಕ ಗ್ರಾಫಿನಲ್ಲಿ ಕಾಣಿಸುತ್ತೆ. ನಮ್ಮ ಕಂಪನಿಗಳ ಅಪ್ರೈಸಲ್ ಇದರ ಮುಂದೆ ಸಪ್ಪೆ.

ಇವತ್ತು ದಾರಿಗಳು ಇನ್ನೂ ಇವೆ. ಜಾರ್ಜಿಯಾದ ಸವಾನಾ ಕಲಾ ಕಾಲೇಜಿನಲ್ಲಿ ಥೀಮ್ಡ್ ಎಂಟರ್‌ಟೈನ್‌ಮೆಂಟ್ ಡಿಸೈನಿಗೆ ಎಂಎಫ್‌ಎ ಇದೆ. ಒರ್ಲಾಂಡೋದ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲೂ ಇದೇ ವಿಷಯ ಕಲಿಸ್ತಾರೆ. ಒಹಾಯೋ ಸ್ಟೇಟ್‌ನಂಥ ಕಡೆ ವಿದ್ಯಾರ್ಥಿಗಳೇ ಥೀಮ್ ಪಾರ್ಕ್ ಎಂಜಿನಿಯರಿಂಗ್ ಸಂಘ ಕಟ್ಟಿಕೊಂಡಿದ್ದಾರೆ. ರೈಡುಗಳ ಸುರಕ್ಷತಾ ಮಾನದಂಡ ಬರೆಯೋ ಎಎಸ್‌ಟಿಎಂನ ಎಫ್24 ಸಮಿತಿ 1978ರಿಂದ ಇದೆ. ಎಎಸ್‌ಟಿಎಂನಲ್ಲಿ ವಿದ್ಯಾರ್ಥಿ ಸದಸ್ಯತ್ವಕ್ಕೆ ಶುಲ್ಕ ಇಲ್ಲ.

ಸಾಫ್ಟ್‌ವೇರಿನವರಿಗೂ ಇಲ್ಲಿ ಜಾಗ ಇದೆ. ಕೋಸ್ಟರಿನ ಹಳಿಯನ್ನ ಬ್ಲಾಕುಗಳಾಗಿ ಭಾಗ ಮಾಡಿರ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಮುಂದಿನದು ಖಾಲಿ ಆಗದಿದ್ದರೆ ಹಿಂದಿನದು ಬ್ರೇಕಿನಲ್ಲಿ ನಿಲ್ಲಲೇಬೇಕು. ಮುಂಬೈ ಲೋಕಲ್‌ನ ಸಿಗ್ನಲ್ ತರ್ಕವೇ ಇದು. ನಮ್ಮ ಕೋಡಿನಲ್ಲಿ ಬಗ್ ಬಂದರೆ ಒಂದು ಟಿಕೆಟ್ ಓಪನ್ ಆಗುತ್ತೆ. ಅಲ್ಲಿ ಬಗ್ ಬಂದರೆ ಗಾಡಿಗೆ ಗಾಡಿ ಗುದ್ದುತ್ತೆ.

ಇನ್ನೊಂದು ಮುಖವನ್ನೂ ಹೇಳಬೇಕು. ಈ ಉದ್ಯಮದಲ್ಲಿ ಬಹಳಷ್ಟು ಕೆಲಸ ಪ್ರಾಜೆಕ್ಟ್ ಇರೋವರೆಗೆ ಮಾತ್ರ. ಪಾರ್ಕ್ ಉದ್ಘಾಟನೆ ಆಯಿತು, ತಂಡ ಚದುರಿತು. ನಮ್ಮಲ್ಲಿ ಬೆಂಚ್ ಅಂತ ಇದೆಯಲ್ಲ, ಅಲ್ಲಿ ಬಹಳ ಜನಕ್ಕೆ ಆ ಬೆಂಚೂ ಇಲ್ಲ. ಅಮೆರಿಕದ ಫೀಸು, ವೀಸಾ ಬೇರೆ. ಭಾವನ ಭಯ ಸುಳ್ಳಲ್ಲ.

ಇಲ್ಲಿ ಏನೂ ಇಲ್ಲ ಅಂತಲೂ ಅಲ್ಲ. ಬೆಂಗಳೂರಿನಲ್ಲಿ 2005ಕ್ಕೆ ಬಂದ ವಂಡರ್‌ಲಾ 2016ಕ್ಕೆ ಹೈದರಾಬಾದಿಗೆ, 2025ರ ಡಿಸೆಂಬರಿಗೆ ಚೆನ್ನೈಗೆ ಹೋಯಿತು. ಇವಕ್ಕೆಲ್ಲ ಲೆಕ್ಕ ಹಾಕೋರು, ದಿನಾ ಬೆಳಗ್ಗೆ ಬೋಲ್ಟ್ ಪರೀಕ್ಷೆ ಮಾಡೋರು ಬೇಕೇ ಬೇಕು.

ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟೇ: "ಮೆಕ್ಯಾನಿಕಲ್ ಬಿಡಬೇಡ. ಡೈನಾಮಿಕ್ಸ್, ಕಂಟ್ರೋಲ್ಸ್ ಗಟ್ಟಿ ಮಾಡ್ಕೋ. ಚಿತ್ರ ಬಿಡಿಸೋ ಒಬ್ಬ ಫ್ರೆಂಡನ್ನ ಹುಡುಕಿ, ಜೊತೆಯಲ್ಲಿ ಏನಾದರೂ ಒಂದು ಮಾಡಿ ಮುಗಿಸು." ಆರೋದವರು ಡಿಸ್ನಿಯವರ ಜೊತೆ ಮಾಡಿದ್ದೂ ಅದೇ, ಪೌಶ್ ಮರಿನೆಲ್ಲಿ ಜೊತೆ ಮಾಡಿದ್ದೂ ಅದೇ. ಡಿಗ್ರಿ ಆಮೇಲೆ ಬಂತು. ಅವಳು ಈಗ ಹಾಸ್ಟೆಲ್ಲಿನಲ್ಲಿ ಆರ್ಡುಯಿನೋ ಇಟ್ಕೊಂಡು ಮೂರು ಬ್ಲಾಕಿನ ಒಂದು ಮಾದರಿ ಮಾಡ್ತಿದ್ದಾಳೆ. ಹಳಿಯ ಸುತ್ತ ಊರು ಕಟ್ಟಿಕೊಡ್ತಿರೋದು ಫೈನ್ ಆರ್ಟ್ಸ್ ಓದ್ತಿರೋ ಗೆಳತಿ.

ಭಾವ ಇನ್ನೂ ಒಪ್ಪಿಲ್ಲ. ಆದರೆ ಮೊನ್ನೆ ಫೋನ್ ಮಾಡಿದವರು ಆ ಮಾತು ಈ ಮಾತು ಆಡಿ, ಕೊನೆಗೆ "ಅಲ್ಲಯ್ಯ, ಆ 6 ಜಿ ಲೆಕ್ಕ ಹೇಗೆ ಬಂತು, ಇನ್ನೊಂದು ಸಲ ಹೇಳು" ಅಂದರು.