‘ಪುಟ್ ಆಫ್’ ಅಂದರೆ ರದ್ದಲ್ಲ: ಇಂಗ್ಲಿಷಿನ ಜೋಡಿ ಪದಗಳ ಕಥೆ

ನಮ್ಮೂರ ಹುಡುಗನೊಬ್ಬನ ಮೊಬೈಲಿಗೆ ಮೆಸೇಜ್ ಬಂತು: ಇಂಟರ್‌ವ್ಯೂ ‘ಪುಟ್ ಆಫ್’ ಆಗಿದೆ. ‘ಆಫ್’ ಅಂದರೆ ಬಂದ್ ತಾನೆ? ರದ್ದಾಯಿತು ಅಂದುಕೊಂಡು ಸುಮ್ಮನಾದ. ಆದರೆ ಅದು ಮುಂದಕ್ಕೆ ಹೋಗಿತ್ತು ಅಷ್ಟೆ. ಹೊಸ ತಾರೀಖು ಅದೇ ಮೆಸೇಜಿನ ಕೊನೆಯಲ್ಲಿತ್ತು. ಅವನು ಅಲ್ಲಿವರೆಗೆ ಓದಲೇ ಇಲ್ಲ.

ರದ್ದು ಅನ್ನಲು ಇಂಗ್ಲಿಷಿನಲ್ಲಿ ‘ಕಾಲ್ ಆಫ್’ ಇದೆ. ‘ಪುಟ್’ ಜೊತೆ ‘ಆನ್’ ಬಂದರೆ ಬಟ್ಟೆ ತೊಡು, ‘ಔಟ್’ ಬಂದರೆ ಬೆಂಕಿ ಆರಿಸು, ‘ಅಪ್ ವಿತ್’ ಬಂದರೆ ಸಹಿಸಿಕೊ. ಯಾಕೆ ಹೀಗೆ?

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇಂಥ ಚಿಕ್ಕ ಪದಗಳು ಬಹಳ ಸಲ ಕ್ರಿಯಾಪದದ ಮೊದಲಿಗೇ ಅಂಟಿಕೊಳ್ಳುತ್ತಿದ್ದವು. ಬಸ್ಸಿನಲ್ಲಿ ನಾವು ದಿನವೂ ಕೇಳುವ ‘ಓವರ್‌ಟೇಕ್’ ಅಂಥದೇ ಪದ. ಬರಬರುತ್ತಾ ಅವು ಬಿಡಿಯಾಗಿ ಕ್ರಿಯಾಪದದ ನಂತರ ಬರುವುದು ಹೆಚ್ಚಾಯಿತು. ಹಾಗಾಗಿ ‘ಓವರ್‌ಟೇಕ್’ ಅಂದರೆ ಮುಂದಿನ ಗಾಡಿಯನ್ನು ದಾಟು, ‘ಟೇಕ್ ಓವರ್’ ಅಂದರೆ ಜವಾಬ್ದಾರಿ ವಹಿಸಿಕೊ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆಯ ಮಾತು ಫ್ರೆಂಚ್ ಆಯಿತು. ಚರ್ಚಿನಲ್ಲಿ, ದಾಖಲೆಗಳಲ್ಲಿ ಲ್ಯಾಟಿನ್ ನಡೆಯಿತು. ಇಂಗ್ಲಿಷ್ ಉಳಿದದ್ದು ಹೊಲ, ಸಂತೆಗಳಲ್ಲಿ. ಕೋರ್ಟಿನಲ್ಲಿ ತಮ್ಮ ಪರವಾಗಿ, ವಿರುದ್ಧವಾಗಿ ಏನು ವಾದ ನಡೆಯುತ್ತಿದೆ ಎಂಬುದೇ ಜನಕ್ಕೆ ತಿಳಿಯುತ್ತಿರಲಿಲ್ಲ. ಕೊನೆಗೆ 1362ರಲ್ಲಿ, ವಾದ ಇಂಗ್ಲಿಷಿನಲ್ಲೇ ನಡೆಯಬೇಕೆಂದು ಕಾನೂನು ಮಾಡಬೇಕಾಯಿತು.

ಆ ಕಾಲದ ಮೇಲು-ಕೀಳು ಇವತ್ತಿಗೂ ಪದಗಳಲ್ಲಿ ಕಾಣುತ್ತದೆ. ‘ಪೋಸ್ಟ್‌ಪೋನ್’, ‘ಎಕ್ಸ್‌ಟಿಂಗ್ವಿಶ್’, ‘ಟಾಲರೇಟ್’ ಲ್ಯಾಟಿನ್ ಮೂಲದವು, ಕಚೇರಿಗೆ ಒಪ್ಪುವಂಥವು. ಅದೇ ಅರ್ಥದ ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’ ಆಡುಮಾತಿನವು. ನಮ್ಮ ಹುಡುಗನಿಗೆ ‘ಪೋಸ್ಟ್‌ಪೋನ್’ ಗೊತ್ತಿತ್ತು. ಶಾಲೆಯಲ್ಲಿ ಕಲಿತಿದ್ದು ಅದನ್ನೇ.

ಹೊರಗಿನವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟದ್ದು ಇದೇ ಎಂದು 1755ರಲ್ಲೇ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದಾನೆ. ಅದಕ್ಕೇ ಇಂಥ ಜೋಡಿಗಳನ್ನು ಜತನದಿಂದ ಗುರುತು ಮಾಡಿದ. ಹಾಗಾಗಿ ಇದರಲ್ಲಿ ಎಡವಿದರೆ ನಾಚಿಕೆಪಡಬೇಕಾಗಿಲ್ಲ.

ನಮ್ಮಲ್ಲೂ ‘ಮಗೂನ ನೋಡು’ ಬೇರೆ, ‘ಮಗೂನ ನೋಡಿಕೊ’ ಬೇರೆ. ಇಂಗ್ಲಿಷಿನವರು ಅದನ್ನೇ ‘ಲುಕ್ ಅಟ್’, ‘ಲುಕ್ ಆಫ್ಟರ್’ ಅನ್ನುತ್ತಾರೆ. ‘ನೋಡಿಕೊ’ ಅನ್ನುವುದನ್ನು ನಾವು ಬಿಡಿಸಿ ಕಲಿಯಲಿಲ್ಲ, ಇಡಿಯಾಗಿ ಕೇಳಿ ಕಲಿತೆವು. ಇಂಗ್ಲಿಷಿನ ಜೋಡಿಗಳನ್ನೂ ಹಾಗೇ ಕಲಿಯಿರಿ. ಮತ್ತೆ, ಮೆಸೇಜನ್ನು ಕೊನೆಯವರೆಗೂ ಓದಿ.