ಹೋದ ತಿರುಪು ಮತ್ತೆ ಬಂತು

ಮೊನ್ನೆ ಅಕ್ಕನ ಮಗ ತನ್ನ ಟರ್ಬೋ ಕಾರಿಗೆ ಹಾಕಿಸಲು ತಂದ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್ ತೋರಿಸಿದ. "ನೋಡಿ ಮಾಮ, ಈ ತಿರುಪು ತಿರುಗಿಸಿದರೆ ಪೆಟ್ರೋಲಿನ ಒತ್ತಡ ಏರುತ್ತೆ. ಹೊಸಾ ಟೆಕ್ನಾಲಜಿ!" ನನಗೆ ನಗು ಬಂತು. ಆ ತಿರುಪು ಅವನಿಗಿಂತ ಹಳೆಯದು.

1967ರಲ್ಲಿ ಅಮೆರಿಕಕ್ಕೆ ಹೋದ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಇತ್ತು. ಅಲ್ಲಿ ಹೊಗೆಯ ನಿಯಮಗಳು ಬಿಗಿಯಾಗಿದ್ದವು. ಅದರ ರೆಗ್ಯುಲೇಟರಿಗೆ ತಿರುಪೂ ಇತ್ತು, ಬಿಗಿ ನಟ್ಟೂ ಇತ್ತು. ಒತ್ತಡವನ್ನು ಸುಮಾರು 2 ಬಾರ್‌ಗೆ ಕೈಯಲ್ಲೇ ಹೊಂದಿಸಬೇಕಿತ್ತು.

1970ರ ದಶಕದಲ್ಲಿ ಎಲ್-ಜೆಟ್ರಾನಿಕ್ ಬಂದಾಗ ತಿರುಪು ಹೋಯಿತು, ಇಂಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ನಳಿಗೆ ಬಂತು. ಅಲ್ಲಿನ ಗಾಳಿಯ ಒತ್ತಡ ಏರಿಳಿದಷ್ಟೇ ಪೆಟ್ರೋಲಿನದೂ ಏರಿಳಿಯುತ್ತದೆ. ಹಾಗಾಗಿ ಇಂಜೆಕ್ಟರಿನ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಬದಲಾಗದು. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದೊಂದೇ ಕಂಪ್ಯೂಟರಿನ ಲೆಕ್ಕ.

ಇಂಜಿನ್ನಿನ ಶಕ್ತಿ ಹೆಚ್ಚಿಸುವವರಿಗೆ ಹೆಚ್ಚು ಪೆಟ್ರೋಲು ಬೇಕಲ್ಲ, ಅವರು ನಳಿಗೆ ಉಳಿಸಿಕೊಂಡು ತಿರುಪನ್ನು ವಾಪಸ್ ತಂದರು. ಆದರೆ ಇದು ವರ್ಗಮೂಲದ ಲೆಕ್ಕ ನೋಡಿ. ಒತ್ತಡ ಎರಡು ಪಟ್ಟಾದರೂ ಪೆಟ್ರೋಲು ಸುಮಾರು 1.41 ಪಟ್ಟು ಮಾತ್ರ. ಮೇಲಾಗಿ ಒತ್ತಡ ಏರಿದಷ್ಟೂ ಪಂಪು ಕೊಡುವ ಪೆಟ್ರೋಲು ಇಳಿಯುತ್ತದೆ. ಟರ್ಬೋ ಗಾಳಿ ತುಂಬುವಾಗ ಪೆಟ್ರೋಲು ಸಾಲದಾದರೆ ಪಿಸ್ಟನ್ನೇ ಸುಟ್ಟೀತು. ಅಸಲು ಮುಳುಗಿದ ಮೇಲೆ ಬಡ್ಡಿ ಲೆಕ್ಕ ಯಾರಿಗೆ ಬೇಕು?

ಹುಡುಗ ಹಾಕಿಸಿಯೇ ಬಿಟ್ಟ. ಆದರೆ ಗೇಜು ಕೂರಿಸಿ, ನಳಿಗೆ ಕಳಚಿ ಬಾಯಿ ಮುಚ್ಚಿ, ಇಂಜಿನ್ ಐಡಲ್‌ನಲ್ಲಿಟ್ಟು, ಕಾರಿನ ಮೂಲ ಒತ್ತಡವಾದ 3 ಬಾರ್‌ಗೇ ನಿಲ್ಲಿಸಿ ನಟ್ಟು ಬಿಗಿದ. ತಿರುಪು ಇದೆ ಅಂತ ತಿರುಗಿಸಲೇಬೇಕೇ, ಹೇಳಿ!